ಮಳೆ ರಜೆಯಲ್ಲಿ ಮಕ್ಕಳು ಅಡುಗೆಮನೆಗೆ ಬಂದರೆ ನೀವು ಎಂತ ಮಾಡುತ್ತೀರಿ?

ಬಿಜೈ ಅಮ್ಮ · ಸೋಮವಾರ, ಬೆಳಿಗ್ಗೆ 11.40

ಎಲ್ಲರಿಗೂ ನಮಸ್ಕಾರ. ಕಳೆದ ವಾರ ಮಳೆ ರಜೆ ಸಿಕ್ಕಿದ ದಿನ ನಮ್ಮ ಮನೆಯಲ್ಲಿ ಆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಅನುಭವ ಕೇಳಬೇಕು ಅಂತ ಉಂಟು.

ಮಗಳಿಗೆ ಎಂಟು ವರ್ಷ, ಮಗನಿಗೆ ನಾಲ್ಕೂವರೆ. ಬೆಳಿಗ್ಗೆ ಆರೂವರೆಗೆ ರಜೆಯ ಸುದ್ದಿ ಮೊಬೈಲಿಗೆ ಬಂತು, ಏಳಕ್ಕೆ ಇಬ್ಬರೂ ಅಡುಗೆಮನೆಯಲ್ಲಿ. ಹಿಂದಿನ ದಿನವೇ ಹಿಟ್ಟು ಕಡೆದಿಟ್ಟಿದ್ದೆ. ಹಲಸಿನ ಎಲೆಯ ಕೊಟ್ಟೆಗೆ ಹಿಟ್ಟು ಹೊಯ್ದದ್ದು ಮಗಳೇ. ತೊಂದೂರಿನಲ್ಲಿ, ಅಂದರೆ ಹಬೆಯಲ್ಲಿ ಬೇಯಿಸುವ ಪಾತ್ರೆಯಲ್ಲಿ, ಬೇಯಲು ಇಟ್ಟೆ. ಬೆಂದಿದೆಯಾ ಅಂತ ನೋಡುವ ಆಸೆ ಅವಳಿಗೆ. ನಾನು ಚಟ್ನಿಗೆ ಕಾಯಿ ಹೆರೆಯುತ್ತಿದ್ದೆ, ಬೆನ್ನು ಅವಳ ಕಡೆಗೆ. ಅವಳು ಮುಚ್ಚಳವನ್ನು ತನ್ನ ಕಡೆಯಿಂದ ಎತ್ತಿದಳು. ಒಳಗಿದ್ದ ಹಬೆಯಷ್ಟೂ ಬಲಗೈಗೆ ಬಡಿಯಿತು.

ಮಣಿಕಟ್ಟಿನಿಂದ ಮೊಣಕೈ ತನಕ ಕೆಂಪು. ನನಗೆ ತಲೆಯೇ ಓಡಲಿಲ್ಲ. ಫ್ರಿಜ್ಜಿನಿಂದ ಐಸ್ ತೆಗೆದು ಇಟ್ಟೆ. ಪಕ್ಕದ ಮನೆಯವರು ಓಡಿ ಬಂದು ಟೂತ್‌ಪೇಸ್ಟ್ ಹಚ್ಚಿದರು. ಆಮೇಲೆ ಡಾಕ್ಟರ ಹತ್ತಿರ ಹೋದಾಗ ಅವರು ಮೊದಲು ಆ ಪೇಸ್ಟನ್ನು ತೊಳೆದು ತೆಗೆಯಬೇಕಾಯಿತು. ಸುಟ್ಟಾಗ ಅತ್ತದ್ದಕ್ಕಿಂತ ಜಾಸ್ತಿ ಅವಳು ಆಗ ಅತ್ತಳು. ಎರಡು ಗುಳ್ಳೆ ಬಂದಿತ್ತು. ಈಗ ಒಣಗಿದೆ, ಕಲೆ ಉಳಿಯಲಿಕ್ಕಿಲ್ಲ ಎಂದಿದ್ದಾರೆ.

ಇನ್ನು ಮಕ್ಕಳು ಅಡುಗೆಮನೆಯ ಹೊಸ್ತಿಲು ದಾಟುವುದು ಬೇಡ ಅಂತ ಅತ್ತೆ ಹೇಳಿಬಿಟ್ಟಿದ್ದಾರೆ. ನನಗೂ ಹಾಗೇ ಅನಿಸಿತ್ತು. ಆದರೆ ಮೂರು ದಿನದಿಂದ ಮಗಳು ಹೊಸ್ತಿಲ ಆಚೆ ನಿಂತು ನೋಡುತ್ತಾಳೆ. ನಾನು ಕಾವಲಿಗೆ ನೀರ್ದೋಸೆ ಹೊಯ್ಯುವಾಗ ಅವಳ ಕೈಯೂ ಅಲ್ಲಿಂದಲೇ ಹೊಯ್ಯುತ್ತದೆ. ನನಗೆ ಅದನ್ನು ನೋಡಲಿಕ್ಕೆ ಆಗುವುದಿಲ್ಲ. ಕೇಕ್ ಮಾಡುವ ಅಂತ ಬೇರೆ ಕೇಳುತ್ತಿದ್ದಳು, ಈಗ ಆ ಮಾತೇ ಇಲ್ಲ. ನಿಮ್ಮ ಮನೆಗಳಲ್ಲಿ ಮಕ್ಕಳಿಗೆ ಯಾವ ಕೆಲಸ ಕೊಡುತ್ತೀರಿ? ಯಾವುದನ್ನು ಬೇಡ ಅನ್ನುತ್ತೀರಿ?


ಮಣಿಪಾಲದ ನರ್ಸ್ · ಸೋಮವಾರ, ಮಧ್ಯಾಹ್ನ 2.15

ಅಕ್ಕ, ಮಗುವಿಗೆ ಸುಟ್ಟಾಗ ಗಾಬರಿಯಾಗದ ತಾಯಿ ಇಲ್ಲ. ನಿಮ್ಮನ್ನು ನೀವು ಬೈದುಕೊಳ್ಳಬೇಡಿ. ಆದರೆ ಐಸ್, ಪೇಸ್ಟ್ ವಿಷಯ ಎಲ್ಲರಿಗೂ ಗೊತ್ತಿರಬೇಕು. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಸುಟ್ಟ ಕೂಡಲೇ ಆ ಜಾಗವನ್ನು ನಲ್ಲಿ ನೀರಿನ ಕೆಳಗೆ ಹಿಡಿಯಿರಿ. ಗಡಿಯಾರ ನೋಡಿ 20 ನಿಮಿಷ. ಐದು ನಿಮಿಷಕ್ಕೆ ಮಗು ಅಳು ನಿಲ್ಲಿಸಬಹುದು, ಆಗ ನಮಗೆ ಸಾಕು ಅನಿಸುತ್ತದೆ. ಸಾಲುವುದಿಲ್ಲ. ಮೇಲೆ ತಣ್ಣಗಾದರೂ ಚರ್ಮದ ಒಳಗೆ ಬಿಸಿ ಉಳಿದು ಸುಡುತ್ತಾ ಹೋಗುತ್ತದೆ. ಕೂಡಲೇ ನೀರು ಹಿಡಿಯಲು ಆಗಲಿಲ್ಲ ಅಂತ ಬಿಟ್ಟುಬಿಡಬೇಡಿ, ಮೂರು ಗಂಟೆಯ ಒಳಗೆ ಹಿಡಿದರೂ ಪ್ರಯೋಜನ ಉಂಟು. ಬಳೆ, ಉಂಗುರ, ಗೆಜ್ಜೆ ಇದ್ದರೆ ಊತ ಬರುವ ಮೊದಲೇ ತೆಗೆಯಿರಿ. ಬಿಸಿ ನೀರು ಬಿದ್ದ ಬಟ್ಟೆಯನ್ನೂ ಬಿಚ್ಚಿ. ಚರ್ಮಕ್ಕೆ ಅಂಟಿದ್ದರೆ ಮಾತ್ರ ಎಳೆಯಬೇಡಿ. ಚಿಕ್ಕ ಮಗುವಾದರೆ ಸುಟ್ಟ ಕಡೆಗೆ ಮಾತ್ರ ನೀರು ಬೀಳಲಿ, ಉಳಿದ ಮೈಗೆ ಒಣ ಬೈರಾಸು ಸುತ್ತಿ. ಈ ಮಳೆಗೆ ಮಕ್ಕಳ ಮೈ ಬೇಗ ತಣ್ಣಗಾಗುತ್ತದೆ.

ಐಸ್ ಇಟ್ಟರೆ ಅಲ್ಲಿನ ರಕ್ತನಾಳ ಬಿಗಿದುಕೊಂಡು ಗಾಯ ಇನ್ನೂ ಆಳಕ್ಕೆ ಹೋಗಬಹುದು. ಪೇಸ್ಟ್, ಅರಶಿನ, ಬೆಣ್ಣೆ, ತೆಂಗಿನೆಣ್ಣೆ, ದೋಸೆ ಹಿಟ್ಟು, ಶಾಯಿ, ಇಷ್ಟನ್ನೂ ಹಚ್ಚಿಕೊಂಡು ಬಂದ ಮಕ್ಕಳನ್ನು ನಾನು ನೋಡಿದ್ದೇನೆ. ಗಾಯ ಎಷ್ಟು ಆಳ ಅಂತ ಡಾಕ್ಟರಿಗೆ ಕಾಣುವುದಿಲ್ಲ, ತೆಗೆಯುವಾಗ ನೋವು, ಕೀವು ಆಗುವ ಹೆದರಿಕೆ ಬೇರೆ. ನೀರು ಹಿಡಿದ ಮೇಲೆ ನೂಲು ಬಿಡದ ಶುದ್ಧ ಹತ್ತಿ ಬಟ್ಟೆ ಮುಚ್ಚಿದರೆ ಸಾಕು. ಗುಳ್ಳೆ ಒಡೆಯಬೇಡಿ.

ಸುಟ್ಟದ್ದು ಮಗುವಿನ ಅಂಗೈಗಿಂತ ದೊಡ್ಡದಿದ್ದರೆ ಆಸ್ಪತ್ರೆಗೆ ಹೋಗಬೇಕು. ಮುಖ, ಕೈ, ಪಾದ, ಕೀಲು, ಮೂತ್ರದ ಜಾಗ ಆದರೆ ಸಣ್ಣದಿದ್ದರೂ ಹೋಗಬೇಕು. ಚರ್ಮ ಬೆಳ್ಳಗೆ ಆಗಿ ನೋವೇ ಇಲ್ಲ ಅಂದರೆ ಅದು ಇನ್ನೂ ಆಳದ್ದು. 108 ಅಥವಾ 112ಕ್ಕೆ ಫೋನ್ ಮಾಡಿ.

ಹಬೆ ಯಾಕೆ ಅಷ್ಟು ಸುಡುತ್ತದೆ ಅಂತ ಮಗಳಿಗೆ ಹೇಳಿಕೊಡಿ. ಹಬೆ ಚರ್ಮಕ್ಕೆ ತಾಗಿ ನೀರಾಗುವಾಗ ಒಂದು ಗ್ರಾಮಿಗೆ ಸುಮಾರು 540 ಕ್ಯಾಲೊರಿ ಶಾಖ ಬಿಟ್ಟುಕೊಡುತ್ತದೆ. ಕುದಿಯುವ ನೀರು ಬಿದ್ದದ್ದಕ್ಕಿಂತ ಇದು ಎಷ್ಟೋ ಜಾಸ್ತಿ. ಒಲೆ ಆರಿಸಿ, ಎರಡು ನಿಮಿಷ ಕಾದು, ಮುಚ್ಚಳದ ಆಚೆ ಬದಿಯನ್ನು ಮೊದಲು ಎತ್ತಬೇಕು. ಆಗ ಹಬೆ ಗೋಡೆ ಕಡೆಗೆ ಹೋಗುತ್ತದೆ. ಮುಚ್ಚಳವೇ ನಮಗೆ ಅಡ್ಡ ನಿಲ್ಲುತ್ತದೆ.

ಇನ್ನೊಂದು ಹೇಳಲೇಬೇಕು. ಸುಟ್ಟುಕೊಂಡು ನಾನು ಕೆಲಸ ಮಾಡುವಲ್ಲಿಗೆ ಬರುವ ಮಕ್ಕಳಲ್ಲಿ ಅಡುಗೆ ಮಾಡುತ್ತಾ ಸುಟ್ಟುಕೊಂಡವರು ಕಮ್ಮಿ. ಮೇಜಿನ ಬಟ್ಟೆ ಎಳೆದು ಚಾ ಮೈಮೇಲೆ ಬಿದ್ದದ್ದು, ಗಂಜಿ ಬಸಿಯಲು ಅಮ್ಮ ತಿರುಗಿದಾಗ ಹಿಂದೆ ನಿಂತಿದ್ದದ್ದು, ಬಚ್ಚಲಿನ ಬಿಸಿ ನೀರು, ಇವೇ ಜಾಸ್ತಿ. ಮಾಡಿ ಹತ್ತು ಹದಿನೈದು ನಿಮಿಷ ಆದ ಚಾ ಕೂಡ ಪುಟ್ಟ ಮಗುವಿನ ಚರ್ಮ ಸುಡುವಷ್ಟು ಬಿಸಿ ಇರುತ್ತದೆ. ಮಗು ಅಡುಗೆಮನೆಯಲ್ಲಿ ಇರುವುದು ನಮಗೆ ಗೊತ್ತಿಲ್ಲದಾಗಲೇ ಅಪಾಯ. ಎಲ್ಲಿ ಕೂತಿದೆ, ಎಂತ ಮಾಡುತ್ತಿದೆ ಅಂತ ಗೊತ್ತಿದ್ದರೆ ಅರ್ಧ ಹೆದರಿಕೆ ಹೋಯಿತು.


ಸುರತ್ಕಲ್ ಅಪ್ಪ · ಸೋಮವಾರ, ಸಂಜೆ 6.05

ನನಗೆ ಬೇರೆ ಅಭಿಪ್ರಾಯ ಉಂಟು, ಬೇಜಾರು ಮಾಡಬೇಡಿ. ನಾವಿಬ್ಬರೂ ಕೆಲಸಕ್ಕೆ ಹೋಗುವವರು. ಬೆಳಿಗ್ಗೆ ಗಡಿಬಿಡಿಯಲ್ಲಿ ಮಕ್ಕಳನ್ನು ಕೂರಿಸಿ ಕಲಿಸುವಷ್ಟು ವ್ಯವಧಾನ ನಮಗಿಲ್ಲ. ಅತ್ತೆಯವರು ಹೇಳಿದ್ದು ನನಗೆ ಸರಿ ಕಾಣುತ್ತದೆ. ಹನ್ನೆರಡು ವರ್ಷ ಆಗಲಿ, ಆಮೇಲೆ ಕಲಿತರೆ ಸಾಲದಾ? ಒಂದು ಸಲ ಎಣ್ಣೆ ಬಿದ್ದರೆ ಆ ಗುರುತು ಹೋಗುವುದಿಲ್ಲ.


ಕೋಟದ ದೊಡ್ಡಮ್ಮ · ಸೋಮವಾರ, ರಾತ್ರಿ 8.30

ಸುರತ್ಕಲ್‌ನ ತಮ್ಮಾ, ಗಡಿಬಿಡಿಯ ಹೊತ್ತಿನಲ್ಲಿ ಮಕ್ಕಳು ಬೇಡ ಅನ್ನುವುದು ನಾನೂ ಒಪ್ಪುತ್ತೇನೆ. ಶಾಲೆಯ ದಿನ ಬೆಳಿಗ್ಗೆ ಕಲಿಸಲಿಕ್ಕೆ ಹೋಗಬಾರದು. ಆದರೆ ಹನ್ನೆರಡರ ತನಕ ಹೊರಗೇ ಇಟ್ಟರೆ, ಆ ಮಗು ಹನ್ನೆರಡಕ್ಕೆ ಬರುವಾಗ ಬಿಸಿ ಪಾತ್ರೆಯ ಅಂದಾಜೇ ಇಲ್ಲದೆ ಬರುತ್ತದೆ. ಮೈ ಮಾತ್ರ ದೊಡ್ಡದು. ಅದು ಇನ್ನೂ ಕಷ್ಟ.

ನಾವು ಸಣ್ಣವರಿದ್ದಾಗ ಒಲೆ ನೆಲದಲ್ಲೇ. ಅಂಬೆಗಾಲಿಡುವ ಮಗುವಿಗೂ ಕೈಗೆ ಸಿಗುವಷ್ಟು ಹತ್ತಿರ. ನಮ್ಮ ಅಮ್ಮ ಒಲೆಯ ಸುತ್ತ ನೆಲಕ್ಕೆ ಒಂದು ಬಿಳಿ ಗೆರೆ ಎಳೆದಿದ್ದರು. ಗೆರೆಯ ಒಳಗೆ ಅಮ್ಮ, ಹೊರಗೆ ನಾವು ಆರು ಜನ. ಗೆರೆಯ ಹೊರಗೆ ನಮಗೆ ಕೈತುಂಬ ಕೆಲಸ ಇರುತ್ತಿತ್ತು. ಅಕ್ಕಿಯಲ್ಲಿ ಕಲ್ಲು ಹೆಕ್ಕುವುದು, ಹುಣಸೆಹಣ್ಣಿನ ಬೀಜ ತೆಗೆಯುವುದು, ಬೆಳ್ಳುಳ್ಳಿ ಸುಲಿಯುವುದು, ಕೊಟ್ಟೆ ಕಟ್ಟುವುದು. ನಾಲ್ಕು ಹಲಸಿನ ಎಲೆ, ಹಿಡಿಸೂಡಿಯ ಕಡ್ಡಿಯ ನಾಲ್ಕು ತುಂಡು. ಎಲೆಯ ತುದಿ ಒಂದರ ಮೇಲೊಂದು ಬರುವ ಹಾಗೆ ಹಿಡಿದು ಕಡ್ಡಿ ಚುಚ್ಚಬೇಕು, ಹಿಟ್ಟು ಹೊಯ್ದರೆ ಒಂದು ತೊಟ್ಟು ಸೋರಬಾರದು. ಆರು ವರ್ಷಕ್ಕೆ ನಾನು ಅದನ್ನು ಕಲಿತೆ.

ಬಿಜೈಯ ಮಗಳೇ, ನಿನ್ನ ಹುಡುಗಿಗೆ ಕೊಟ್ಟೆ ಕಟ್ಟುವುದನ್ನು ಕಲಿಸು. ಚಾವಡಿಯಲ್ಲಿ ಮಣೆ ಹಾಕಿ ಕೂರಿಸು. ಈಗಿನ ಗ್ರಾನೈಟ್ ಕಟ್ಟೆ ಮಕ್ಕಳ ಎತ್ತರಕ್ಕೆ ಅಲ್ಲ, ಪ್ಲಾಸ್ಟಿಕ್ ಸ್ಟೂಲಿನ ಮೇಲೆ ನಿಲ್ಲಿಸಿದರೆ ಅದು ಜಾರುತ್ತದೆ, ಮಗು ಹಿಡಿತಕ್ಕೆ ಅಂತ ಬಿಸಿ ಪಾತ್ರೆಗೇ ಕೈ ಹಾಕುತ್ತದೆ. ಕೆಲಸವನ್ನೇ ನೆಲಕ್ಕೆ ತನ್ನಿ. ನೆಲದಲ್ಲಿ ಕೂತ ಮಗು ಎಲ್ಲಿಗೂ ಬೀಳುವುದಿಲ್ಲ.

ಒಂದೇ ಒಂದು ಎಚ್ಚರಿಕೆ. ಮೆಟ್ಟುಕತ್ತಿ ಮತ್ತು ಹೆರೆಮಣೆ ನೆಲದಲ್ಲೇ ಇರುವ ವಸ್ತು. ಕೆಲಸ ಮುಗಿದ ಕ್ಷಣ ಮಡಚಿ ಮೇಲಿಡಬೇಕು. ಅದನ್ನು ದಾಟಲು ಹೋಗಿ ಕಾಲು ಕೊಯ್ದುಕೊಂಡವರು ನಮ್ಮ ಮನೆಯಲ್ಲೇ ಇದ್ದಾರೆ.


ಕೇಕ್ ಮಾಡುವವಳು, ಉಡುಪಿ · ಮಂಗಳವಾರ, ಬೆಳಿಗ್ಗೆ 10.10

ದೊಡ್ಡಮ್ಮನ ಗೆರೆ ನನಗೆ ತುಂಬಾ ಹಿಡಿಸಿತು. ನಾನು ಮನೆಯಲ್ಲೇ ಕೇಕ್ ಮಾಡಿ ಕೊಡುವವಳು, ರಜೆಯಲ್ಲಿ ಅಕ್ಕಪಕ್ಕದ ಮಕ್ಕಳಿಗೆ ಕಲಿಸುತ್ತೇನೆ. ನಮ್ಮಲ್ಲಿ ಗೆರೆ ಅಂದರೆ ಒಲೆಯಿಂದಲೂ ಓವನ್ನಿಂದಲೂ ಮೂರು ಅಡಿ ದೂರಕ್ಕೆ ನೆಲಕ್ಕೆ ಅಂಟಿಸಿದ ಕೆಂಪು ಟೇಪ್.

ಕೇಕ್‌ನ ಕೆಲಸದಲ್ಲಿ ಮುಕ್ಕಾಲು ಭಾಗ ಬೆಂಕಿಯೇ ಇಲ್ಲ, ಅದಕ್ಕೇ ಮಕ್ಕಳಿಗೆ ಇದು ಒಳ್ಳೆಯದು. ಅಳೆಯುವುದು, ಹಿಟ್ಟು ಜರಡಿ ಹಿಡಿಯುವುದು, ತಟ್ಟೆಗೆ ಬೆಣ್ಣೆ ಸವರುವುದು, ಬಾಳೆಹಣ್ಣು ಹಿಸುಕುವುದು. ನಾಲ್ಕು ವರ್ಷದವನೂ ಇಷ್ಟು ಮಾಡುತ್ತಾನೆ. ಮೊಟ್ಟೆಯನ್ನು ಬೇರೆ ಬಟ್ಟಲಿಗೆ ಒಡೆಸಿ, ಚಿಪ್ಪು ಬಿದ್ದರೆ ತೆಗೆಯಬಹುದು. ಒಡೆದ ಕೂಡಲೇ ಸೋಪು ಹಾಕಿ ಕೈ ತೊಳೆಸಿ, ಮೊಟ್ಟೆಯ ಚಿಪ್ಪಿನಲ್ಲಿ ಸಾಲ್ಮೊನೆಲ್ಲ ಎಂಬ ರೋಗಾಣು ಇರಬಹುದು.

ಮಕ್ಕಳಿಗೆ ಬೇಜಾರಾಗುವ ಒಂದು ನಿಯಮ ಉಂಟು: ಹಸಿ ಹಿಟ್ಟು ನೆಕ್ಕಬಾರದು. ಮೊಟ್ಟೆ ಇಲ್ಲದ ಕೇಕ್ ಆದರೂ ಬೇಡ. ಮೈದಾ ಅಂದರೆ ಗೋದಿಯನ್ನು ಬೀಸಿದ್ದು ಅಷ್ಟೇ, ಅದು ಬೆಂದ ಪದಾರ್ಥ ಅಲ್ಲ. ಗದ್ದೆಯಲ್ಲಿದ್ದ ರೋಗಾಣು ಚೀಲದ ತನಕ ಬರಬಹುದು. 2016ರಲ್ಲಿ ಅಮೆರಿಕದಲ್ಲಿ ಹಸಿ ಹಿಟ್ಟಿನಿಂದಲೇ ಇ. ಕೋಲಿ ಸೋಂಕು ಹಲವು ರಾಜ್ಯಗಳಲ್ಲಿ ಹಬ್ಬಿತ್ತು. ನಾನು ನೆಕ್ಕಲಿಕ್ಕೆ ಅಂತಲೇ ಬೇರೆ ಬಟ್ಟಲಿನಲ್ಲಿ ಬೆಣ್ಣೆ ಸಕ್ಕರೆ ಕಲಸಿ ಇಟ್ಟಿರುತ್ತೇನೆ. ಆಗ ಜಗಳವೇ ಇಲ್ಲ.

ಬೀಟರ್ ಕೈಗೆ ಕೊಡುವುದು ಎಂಟು ವರ್ಷದ ಮೇಲೆ, ನನ್ನ ಕೈ ಅದರ ಮೇಲೆಯೇ ಇರುತ್ತದೆ. ಬ್ಲೇಡಿಗೆ ಅಂಟಿದ ಹಿಟ್ಟು ತೆಗೆಯುವ ಮೊದಲು ಪ್ಲಗ್ ಕಿತ್ತು ಮೇಜಿನ ಮೇಲೆ ಕಣ್ಣಿಗೆ ಕಾಣುವಂತೆ ಇಡಬೇಕು. ಸ್ವಿಚ್ ಆಫ್ ಮಾಡಿದರೆ ಸಾಲದು.

ಇನ್ನು ಓಟಿಜಿ, ಅಂದರೆ ಮೇಜಿನ ಮೇಲೆ ಇಡುವ ಕರೆಂಟಿನ ಓವನ್. ಇದರ ಗಾಜಿನ ಬಾಗಿಲು, ಮೇಲಿನ ತಗಡು, ಬದಿ ಎಲ್ಲವೂ ಸುಡುತ್ತದೆ. ಕೇಕ್ ಉಬ್ಬುವುದನ್ನು ನೋಡಲು ಮಕ್ಕಳು ಮೂಗು ತಾಗಿಸುವಷ್ಟು ಹತ್ತಿರ ಬರುತ್ತಾರೆ. ಅಲ್ಲೇ ನಿಜವಾದ ಅಪಾಯ. ನಾನು ಟೇಪಿನ ಹೊರಗೆ ಒಂದು ಕುರ್ಚಿ ಹಾಕಿ, ಒಳಗಿನ ದೀಪ ಹಾಕಿಡುತ್ತೇನೆ. ಆಫ್ ಮಾಡಿದ ಮೇಲೂ ಅರ್ಧ ಗಂಟೆ ಅದು ಬಿಸಿಯೇ, ನೋಡಲಿಕ್ಕೆ ಮಾತ್ರ ತಣ್ಣಗಿದ್ದ ಹಾಗೆ ಕಾಣುತ್ತದೆ. ಅದಕ್ಕೆ ಬಾಗಿಲಿನ ಹಿಡಿಗೆ ಒಂದು ಕೆಂಪು ರಿಬ್ಬನ್ ಕಟ್ಟಿಡುತ್ತೇನೆ. ರಿಬ್ಬನ್ ಬಿಚ್ಚುವ ತನಕ ಯಾರೂ ಮುಟ್ಟಬಾರದು.

ತಟ್ಟೆ ತೆಗೆಯಲು ಒಣ ಬಟ್ಟೆಯೇ ಬೇಕು. ನಮ್ಮ ಊರಲ್ಲಿ ಮಳೆಗಾಲದಲ್ಲಿ ಮಸಿಬಟ್ಟೆ ಒಣಗುವುದೇ ಇಲ್ಲ, ಎಲ್ಲರ ಮನೆಯಲ್ಲೂ ಒದ್ದೆ. ಒದ್ದೆ ಬಟ್ಟೆಯಲ್ಲಿ 180 ಡಿಗ್ರಿಯ ತಟ್ಟೆ ಹಿಡಿದರೆ ಆ ನೀರೇ ಹಬೆಯಾಗಿ ಕೈ ಸುಡುತ್ತದೆ, ಕೈ ಬಿಟ್ಟುಬಿಡುತ್ತೇವೆ, ತಟ್ಟೆ ಕೆಳಗೆ ನಿಂತ ಮಗುವಿನ ಮೇಲೆ. ದಪ್ಪ ಕೈಗವಸು ಒಂದನ್ನು ಬೇರೆಯೇ ಒಣಗಿಸಿ ಇಡಿ. ಬಿಸಿ ಗಾಜಿನ ಪಾತ್ರೆಯನ್ನು ಒದ್ದೆ ಗ್ರಾನೈಟಿನ ಮೇಲೆ ಇಡಬೇಡಿ, ಚೂರಾಗುತ್ತದೆ. ಓಟಿಜಿ 16 ಆಂಪಿಯರ್ ಪ್ಲಗ್ಗಿಗೆ ನೇರ ಹಾಕಿ. ಎಕ್ಸ್‌ಟೆನ್ಶನ್ ಬಾಕ್ಸ್ ಬೇಡ. ಮಕ್ಕಳ ಕಾಲಲ್ಲಿ ಒಣ ಚಪ್ಪಲಿ ಇರಲಿ.

ಸಕ್ಕರೆ ಪಾಕ, ಬೆಲ್ಲದ ಪಾಕ ಮಾತ್ರ ಮಕ್ಕಳ ಹತ್ತಿರವೂ ಬೇಡ. ಉಂಡೆಗೆ, ಚಿಕ್ಕಿಗೆ ಮಾಡುವ ಪಾಕ ಕುದಿಯುವ ನೀರಿಗಿಂತ ಎಷ್ಟೋ ಬಿಸಿ, 115 ಡಿಗ್ರಿಯಿಂದ ಮೇಲೆ. ನೀರಾದರೆ ಹರಿದುಹೋಗುತ್ತದೆ, ಪಾಕ ಅಂಟಿಕೊಂಡು ಅಲ್ಲೇ ಸುಡುತ್ತದೆ.


ಕಾರ್ಕಳದವ · ಮಂಗಳವಾರ, ಮಧ್ಯಾಹ್ನ 1.00

ಈಗ ಅದರ ಕಾಲ ಅಲ್ಲ, ಆದರೂ ಬರೆಯುತ್ತೇನೆ. ಬೇಸಗೆ ರಜೆಯಲ್ಲಿ ಮಕ್ಕಳನ್ನು ಅಜ್ಜಿ ಮನೆಗೆ ಕಳಿಸುವವರು ದಯವಿಟ್ಟು ನೆನಪಿಟ್ಟುಕೊಳ್ಳಿ. ಗೇರುಬೀಜ ಸುಡುವುದು.

ನಾವು ಗುಡ್ಡದಲ್ಲಿ ಹೆಕ್ಕಿದ ಬೀಜವನ್ನು ಅಂಗಳದಲ್ಲಿ ಬೆಂಕಿ ಹಾಕಿ ಸುಡುತ್ತಿದ್ದೆವು. ಮಕ್ಕಳಿಗೆ ಅದು ದೊಡ್ಡ ಗಮ್ಮತ್ತು. ಆದರೆ ಆ ಸಿಪ್ಪೆಯ ಒಳಗೆ ಜೇನುಗೂಡಿನ ಹಾಗಿರುವ ಪದರದಲ್ಲಿ ಎಣ್ಣೆಯಂಥ ಸೊನೆ ಇರುತ್ತದೆ. ಬಿಸಿಯಾದಾಗ ಅದು ಚಿಮ್ಮಿ ಹೊತ್ತಿಕೊಳ್ಳುತ್ತದೆ. ಬೆಂಕಿ ಇಲ್ಲದೆಯೂ ಆ ಸೊನೆ ಚರ್ಮ ಸುಡುತ್ತದೆ. ನನ್ನ ತಮ್ಮ ಆರು ವರ್ಷದವನಿದ್ದಾಗ ಹಸಿ ಬೀಜವನ್ನು ಹಲ್ಲಿನಿಂದ ಕಚ್ಚಿ ಒಡೆಯಲು ನೋಡಿದ. ತುಟಿ ಎರಡೂ ಊದಿ, ಮೂಲೆಯಲ್ಲಿ ಚರ್ಮ ಎದ್ದು, ಒಂದು ವಾರ ಅವನಿಗೆ ಗಂಜಿ ಕುಡಿಯುವುದೂ ಕಷ್ಟವಾಯಿತು. ಗಂಜಿಯ ತೆಳಿಯನ್ನು ಚಮಚದಲ್ಲಿ ಬಾಯಿಗೆ ಬಿಡುತ್ತಿದ್ದ ಅಮ್ಮನ ಮುಖ ನನಗೆ ಈಗಲೂ ಕಾಣುತ್ತದೆ.

ಸುಡುವುದು, ಒಡೆಯುವುದು ದೊಡ್ಡವರದ್ದು. ಕೈಗೆ ಬೂದಿ ಹಚ್ಚಿಕೊಂಡು ಒಡೆಯಬೇಕು. ಹೊಗೆ ಬರುವ ದಿಕ್ಕಿನಲ್ಲಿ ಯಾರೂ ನಿಲ್ಲಬಾರದು. ಸಿಪ್ಪೆ ಎಲ್ಲ ತೆಗೆದ ಮೇಲೆ ಬಿಳಿ ಬೀಜದ ಮೇಲಿನ ತೆಳು ಕಂದು ಸಿಪ್ಪೆ ಸುಲಿಯುವುದನ್ನು ಮಕ್ಕಳಿಗೆ ಕೊಡಿ. ಆ ಕೆಲಸಕ್ಕೆ ಸಣ್ಣ ಬೆರಳೇ ಸರಿ.


ಕಟಪಾಡಿ ಅಪ್ಪ · ಮಂಗಳವಾರ, ಮಧ್ಯಾಹ್ನ 3.20

ಆಟಿ ತಿಂಗಳು ಬಂತು, ಪತ್ರೊಡೆಗೆ ಕೆಸುವಿನ ಎಲೆ ತೊಳೆಯಲು ಮಕ್ಕಳಿಗೆ ಕೊಡಬೇಡಿ. ಹಸಿ ಎಲೆಯಲ್ಲಿ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳು ಉಂಟು, ಕೈ ಗಂಟಲು ಎಲ್ಲ ತುರಿಕೆ. ಹುಣಸೆಹುಳಿ ಹಾಕಿ ಚೆನ್ನಾಗಿ ಬೇಯಿಸಿದ ಮೇಲೆ ಮಾತ್ರ ಅದು ತಿನ್ನುವಂಥದ್ದು. ನನ್ನ ಮಗ ಹಸಿಮೆಣಸು ಮುರಿದ ಕೈಯಲ್ಲಿ ಕಣ್ಣು ಉಜ್ಜಿಕೊಂಡಿದ್ದ, ಅದನ್ನೂ ಈಗ ನಾನೇ ಮುರಿಯುತ್ತೇನೆ. ಮೆಣಸಿನ ಖಾರ ಬರೇ ನೀರಿಗೆ ಹೋಗುವುದಿಲ್ಲ, ಕೈಗೆ ಮೊದಲು ಎಣ್ಣೆ ಸವರಿ ಆಮೇಲೆ ಸೋಪು ಹಾಕಬೇಕು.

ಒಂದು ಪ್ರಶ್ನೆ. ಅವನಿಗೀಗ ಹತ್ತು. ಒಬ್ಬನೇ ಆಮ್ಲೆಟ್ ಮಾಡುತ್ತೇನೆ ಅನ್ನುತ್ತಾನೆ. ಬಿಡಬಹುದಾ?


ಕೇಕ್ ಮಾಡುವವಳು, ಉಡುಪಿ · ಮಂಗಳವಾರ, ಮಧ್ಯಾಹ್ನ 3.50

ನೀವು ಪಕ್ಕದಲ್ಲೇ ನಿಂತು ಒಂದು ತಿಂಗಳು ಮಾಡಿಸಿ, ಅಣ್ಣ. ಕೈ ಹಾಕಬೇಡಿ, ನೋಡಿ ಅಷ್ಟೇ. ಕಾವಲಿಯ ಹಿಡಿ ಒಳಗೆ ತಿರುಗಿದೆಯಾ, ತೋಳಿನ ಬಟ್ಟೆ ಮಡಚಿದ್ದಾನಾ, ಬೇರೆ ಯಾರೋ ಕರೆದಾಗ ಒಲೆ ಆರಿಸಿ ಹೋಗುತ್ತಾನಾ. ಮೂರನೆಯದನ್ನು ನೀವು ಹೇಳದೆಯೇ ಮಾಡಿದ ದಿನ ಅವನಿಗೆ ಬಂತು ಅಂತ ಲೆಕ್ಕ. ಮನೆಯಲ್ಲಿ ದೊಡ್ಡವರೇ ಇಲ್ಲದಾಗ ಒಲೆ ಹೊತ್ತಿಸುವುದು ಮಾತ್ರ ಇನ್ನೂ ಬೇಡ.


ಗ್ಯಾಸ್ ಕೆಲಸದವ, ಕಾವೂರು · ಮಂಗಳವಾರ, ರಾತ್ರಿ 9.15

ಮನೆ ಮನೆಗೆ ಸಿಲಿಂಡರ್ ಹಾಕಿ ಅಭ್ಯಾಸ ಇರುವವ ನಾನು. ಇಲ್ಲಿ ಯಾರೂ ಗ್ಯಾಸ್ ಬಗ್ಗೆ ಬರೆದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಮಳೆಗಾಲದಲ್ಲಿ ಎರಚಲು ಬರುತ್ತದೆ ಅಂತ ನಾವೆಲ್ಲ ಅಡುಗೆಮನೆಯ ಕಿಟಕಿ ಮುಚ್ಚುತ್ತೇವೆ. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗುವುದಿಲ್ಲ, ನೆಲದಲ್ಲೇ ಹರಡಿ ನಿಲ್ಲುತ್ತದೆ. ಅಂದರೆ ದೊಡ್ಡವರ ಮೂಗಿಗಿಂತ ಮೊದಲು, ನೆಲದಲ್ಲಿ ಆಡುವ ಮಗುವಿನ ಮೂಗಿಗೆ ವಾಸನೆ ಬರಬಹುದು. ಗ್ಯಾಸಿಗೆ ವಾಸನೆ ಇಲ್ಲ, ಸೋರಿದ್ದು ತಿಳಿಯಲಿ ಅಂತಲೇ ಮರ್ಕ್ಯಾಪ್ಟನ್ ಸೇರಿಸಿರುತ್ತಾರೆ. ಕೊಳೆತ ಎಲೆಕೋಸಿನ ಹಾಗಿರುವ ಆ ವಾಸನೆ ಹೇಗೆ ಅಂತ ಮಕ್ಕಳಿಗೆ ಹೇಳಿಕೊಡಿ. ಬಂದರೆ ಎಂತದ್ದನ್ನೂ ಮುಟ್ಟದೆ ಓಡಿ ಬಂದು ಹೇಳು, ಅಷ್ಟೇ ನಿನ್ನ ಕೆಲಸ ಅನ್ನಿ.

ದೊಡ್ಡವರ ಕೆಲಸ ಬೇರೆ. ಸ್ವಿಚ್ ಹಾಕುವುದೂ ಬೇಡ, ತೆಗೆಯುವುದೂ ಬೇಡ, ಎಕ್ಸಾಸ್ಟ್ ಫ್ಯಾನ್ ಕೂಡ ಬೇಡ. ಸಣ್ಣ ಕಿಡಿ ಸಾಕು. ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆರೆದು, ಹೊರಗೆ ಹೋಗಿ 1906ಕ್ಕೆ ಫೋನ್ ಮಾಡಿ. ಅದು ಗ್ಯಾಸ್ ಸೋರಿಕೆಗೆ ಅಂತಲೇ ಇರುವ ನಂಬರ್.

ಕಿತ್ತಳೆ ಬಣ್ಣದ ಸುರಕ್ಷಾ ಟ್ಯೂಬನ್ನು ಐದು ವರ್ಷಕ್ಕೊಮ್ಮೆ ಬದಲಿಸಬೇಕು. ಟ್ಯೂಬಿನ ಮೇಲೆಯೇ ವರ್ಷ ಅಚ್ಚಾಗಿರುತ್ತದೆ, ಇವತ್ತೇ ಬಗ್ಗಿ ನೋಡಿ. ಮಕ್ಕಳಿರುವ ಮನೆಯಲ್ಲಿ ಒಲೆಯ ತಿರುಗಣೆ ಮಾತ್ರ ಅಲ್ಲ, ಪ್ರತಿ ಸಲ ಅಡುಗೆ ಮುಗಿದ ಮೇಲೆ ರೆಗ್ಯುಲೇಟರನ್ನೂ ಮುಚ್ಚಿ. ಮಕ್ಕಳು ಆಟಕ್ಕೆ ತಿರುಗಣೆ ತಿರುಗಿಸಿದರೂ ಗ್ಯಾಸ್ ಬರುವುದಿಲ್ಲ.


ಸುರತ್ಕಲ್ ಅಪ್ಪ · ಬುಧವಾರ, ಬೆಳಿಗ್ಗೆ 7.10

ಬಗ್ಗಿ ನೋಡಿದೆ ಅಣ್ಣ. ನಮ್ಮ ಟ್ಯೂಬ್ ಏಳು ವರ್ಷದ್ದು. ಇವತ್ತೇ ಬದಲಿಸುತ್ತೇನೆ, ತುಂಬಾ ಉಪಕಾರವಾಯಿತು. ದೊಡ್ಡಮ್ಮ ಹೇಳಿದ ಹಾಗೆ ಆದಿತ್ಯವಾರ ಸಾವಕಾಶದಲ್ಲಿ ಮಕ್ಕಳನ್ನು ಕೂರಿಸಿಕೊಳ್ಳುವ ಅಂತ ಹೆಂಡತಿಯೂ ಹೇಳಿದಳು.


ಬಿಜೈ ಅಮ್ಮ · ಸೋಮವಾರ, ಮಧ್ಯಾಹ್ನ 12.30

ಒಂದು ವಾರ ಆಯಿತು. ನಿಮ್ಮೆಲ್ಲರ ಮಾತು ಅತ್ತೆಗೆ ಓದಿ ಹೇಳಿದೆ. ಕೋಟದ ದೊಡ್ಡಮ್ಮನದ್ದನ್ನು ಎರಡು ಸಲ ಓದಿಸಿದರು. ನಮ್ಮ ಮನೆಯಲ್ಲೂ ಒಲೆಯ ಸುತ್ತ ಹಾಗೇ ಗೆರೆ ಇತ್ತು ಅಂತ ಅವರಿಗೇ ನೆನಪಾಯಿತು.

ನಿನ್ನೆ ಬನ್ಸ್ ಮಾಡಿದೆವು. ಶನಿವಾರ ಸಂಜೆಯೇ ಹಿಟ್ಟು ಕಲಸಿದ್ದು. ಚಾವಡಿಯಲ್ಲಿ ಪೇಪರ್ ಹಾಸಿ, ಎರಡು ಮಣೆ ಹಾಕಿ, ಅತ್ತೆ ನಡುವೆ ಕೂತರು. ಕಪ್ಪು ಚುಕ್ಕೆ ಬಂದ ನಾಲ್ಕು ಬಾಳೆಹಣ್ಣು. ಮಗ ಸಿಪ್ಪೆ ಸುಲಿದ. ಮಗಳು ಸಕ್ಕರೆ ಹಾಕಿ ಬಲಗೈಯಲ್ಲೇ ಹಿಸುಕಿದಳು. ಮೊದಮೊದಲು ಆ ಕೈಯನ್ನು ಮೈಗೆ ಒತ್ತಿಕೊಂಡೇ ಇದ್ದಳು. ಸಕ್ಕರೆ ಕರಗಿ ಹಣ್ಣು ನೀರಾಗುತ್ತಾ ಬಂದ ಹಾಗೆ ಬೆರಳು ಬಿಡಿಸಿದಳು. ಒಂದು ಗಂಟು ಸಿಕ್ಕಿದರೆ ಹೆಬ್ಬೆರಳಿಂದ ಒತ್ತಿ ನೋಡುವುದು, ಮತ್ತೆ ಹುಡುಕುವುದು. ಮೈದಾ, ಮೊಸರು, ಜೀರಿಗೆ, ಚಿಟಿಕೆ ಸೋಡಾ ಅತ್ತೆ ಹಾಕಿದರು. ಬೆಳಿಗ್ಗೆ ಇಬ್ಬರೂ ಲಟ್ಟಿಸಿದರು, ಮಗನದ್ದು ಎಲ್ಲ ನಕ್ಷೆಯ ಹಾಗೆ ಇತ್ತು.

ಎಣ್ಣೆಯ ಹತ್ತಿರ ನಾನೊಬ್ಬಳೇ. ಬಾಣಲೆಗೆ ಅರ್ಧಕ್ಕಿಂತ ಕಮ್ಮಿ ಎಣ್ಣೆ, ಅದನ್ನು ಹಿಂದಿನ ಬರ್ನರಿನಲ್ಲಿ ಇಟ್ಟೆ, ಪಕ್ಕದಲ್ಲೇ ಅದರ ಅಳತೆಯ ಮುಚ್ಚಳ. ಎಣ್ಣೆಗೆ ಬೆಂಕಿ ಹಿಡಿದರೆ ಗ್ಯಾಸ್ ಆರಿಸಿ ಮುಚ್ಚುವುದು, ನೀರು ಹಾಕುವುದೇ ಇಲ್ಲ. ಬಿದ್ದ ನೀರು ಕ್ಷಣದಲ್ಲಿ ಸುಮಾರು 1,600 ಪಟ್ಟು ಹಿಗ್ಗಿ ಹಬೆಯಾಗುತ್ತದೆ, ಉರಿಯುವ ಎಣ್ಣೆಯನ್ನು ಮಾಡಿನ ತನಕ ಎರಚುತ್ತದೆ. ಇದನ್ನು ಮಗಳಿಗೂ ಹೇಳಿದೆ. ಅವಳು ಟೇಪಿನ ಹೊರಗೆ ಕುರ್ಚಿಯಲ್ಲಿ ಕೂತು ಬನ್ಸ್ ಉಬ್ಬಿದ್ದನ್ನು ಲೆಕ್ಕ ಮಾಡುತ್ತಿದ್ದಳು.

ಇನ್ನೊಂದು ಪದ್ಧತಿ ಶುರು ಮಾಡಿದ್ದೇವೆ. ಬಿಸಿ ಪಾತ್ರೆ ಎತ್ತಿಕೊಂಡು ಯಾರೇ ತಿರುಗಿದರೂ "ಬಿಸಿ ಬಂತು" ಅಂತ ಜೋರಾಗಿ ಹೇಳಬೇಕು, ಕೇಳಿದವರು ನಿಂತಲ್ಲೇ ನಿಲ್ಲಬೇಕು. ನಿನ್ನೆ ಸಂಜೆ ಅತ್ತೆ ಚಾದ ಪಾತ್ರೆ ಹಿಡಿದು ಸುಮ್ನೆ ತಿರುಗಿದರು. ಮಗ ಆಡುತ್ತಿದ್ದವನು ಅಲ್ಲೇ ನಿಂತು "ಅಜ್ಜಿ, ನೀವು ಹೇಳಲಿಲ್ಲ" ಅಂದ. ಅತ್ತೆ ಪಾತ್ರೆ ಕೆಳಗಿಟ್ಟು, ಹೇಳಿ, ಮತ್ತೆ ಎತ್ತಿದರು.

ಬರುವ ವಾರ ಕೇಕ್. ಅಷ್ಟಮಿಗೆ ಚಕ್ಕುಲಿ ಮಾಡುವ ಅಂತಲೂ ಕೇಳುತ್ತಿದ್ದಾಳೆ. ಚಕ್ಕುಲಿ ಒತ್ತುವುದು ಮಕ್ಕಳಿಗೆ ಆಗುತ್ತದಾ?


ಕೋಟದ ದೊಡ್ಡಮ್ಮ · ಸೋಮವಾರ, ಮಧ್ಯಾಹ್ನ 2.00

ಆಗುತ್ತದೆ ಮಗಳೇ, ಆದರೆ ಎಣ್ಣೆಯ ಮೇಲೆ ನೇರ ಒತ್ತಿಸಬೇಡ. ಬಾಳೆ ಎಲೆಯನ್ನು ಅಂಗೈ ಅಗಲಕ್ಕೆ ತುಂಡು ಮಾಡಿ, ಒಂದೊಂದು ತುಂಡಿನ ಮೇಲೆ ಒಂದೊಂದು ಚಕ್ಕುಲಿ ಒತ್ತಲಿ. ಚಕ್ಕುಲಿ ಒತ್ತುವ ಒರಳು ಗಟ್ಟಿ ಅನಿಸಿದರೆ ಹಿಟ್ಟಿಗೆ ಸ್ವಲ್ಪ ಬಿಸಿ ಎಣ್ಣೆ ನೀನೇ ಹಾಕಿ ನಾದು, ಆಗ ಮೆದುವಾಗಿ ಬರುತ್ತದೆ. ಒತ್ತಿದ್ದನ್ನೆಲ್ಲ ಹರಿವಾಣದಲ್ಲಿ ಜೋಡಿಸಿ ಅವಳೇ ಗೆರೆಯ ತನಕ ತಂದು ಕೊಡಲಿ. ಅಲ್ಲಿಂದ ಮುಂದಕ್ಕೆ ನೀನು. ಎಲೆಯನ್ನು ಕೈಮೇಲೆ ಮಗುಚಿ, ಬಾಣಲೆಯ ಬದಿಯಿಂದ ಮೆಲ್ಲ ಜಾರಿಸು. ಎಲೆಯಲ್ಲಿ ನೀರಿನ ಪಸೆ ಇದ್ದರೆ ಎಣ್ಣೆ ಸಿಡಿಯುತ್ತದೆ, ಮೊದಲೇ ಒಣ ಬಟ್ಟೆಯಲ್ಲಿ ಒರೆಸಿಟ್ಟುಕೋ. ಆ ಒರೆಸುವ ಕೆಲಸ ಸಣ್ಣವನಿಗೆ ಕೊಡು.